ಲೇಸರ್ ಫ್ರೀಕ್ವೆನ್ಸಿ ಜಾರದಂತೆ ಲಾಕ್ ಮಾಡೋದು ಹೇಗೆ

ಫ್ರೀಕ್ವೆನ್ಸಿಯನ್ನು ಒಂದೇ ಕಡೆ ಹಿಡಿದಿಡುವ ಲಾಕ್ ಸರ್ಕ್ಯೂಟನ್ನು ಈಗಲೇ ಮುಟ್ಟಬೇಡಿ. 780 ನ್ಯಾನೋಮೀಟರ್ ಡಯೋಡ್ ಲೇಸರ್‌ನ ತಾಪಮಾನ ಒಂದು ಡಿಗ್ರಿ ಬದಲಾದರೆ ಸಾಕು, ಫ್ರೀಕ್ವೆನ್ಸಿ ಹತ್ತಾರು ಗಿಗಾಹರ್ಟ್ಸ್ ಜಾರುತ್ತದೆ. ನಾವು ಹಿಡಿಯಬೇಕಾದ ರುಬಿಡಿಯಂ ರೇಖೆಯ (ರುಬಿಡಿಯಂ ಪರಮಾಣು ಬೆಳಕು ಹೀರುವ ಫ್ರೀಕ್ವೆನ್ಸಿಯ) ಸಹಜ ಅಗಲ ಬರೀ 6 ಮೆಗಾಹರ್ಟ್ಸ್. ಟೆಂಪರೇಚರ್ ಕಂಟ್ರೋಲರ್ ಹಾಕಿ, ಮೇಲೊಂದು ಡಬ್ಬ ಮುಚ್ಚಿ (ಎಸ್‌.ಪಿ. ರೋಡಲ್ಲಿ ಸಿಗೋ ಅಲ್ಯೂಮಿನಿಯಂ ಡಬ್ಬವೇ ಸಾಕು), ಒಂದು ಗಂಟೆ ಸುಮ್ನೆ ಬಿಡಿ. ಬೆಂಗಳೂರು ತಂಪು ಅಂತ ಲ್ಯಾಬ್ ಎಸಿ ಆಫ್ ಮಾಡಬೇಡಿ. ಈ ಬೆಳಕು ಕಣ್ಣಿಗೆ ಸರಿಯಾಗಿ ಕಾಣಲ್ಲ, ಲೇಸರ್ ಕನ್ನಡಕ ಬೇಕೇ ಬೇಕು.

ಆಮೇಲೆ ಕಿರಣದ ಸ್ವಲ್ಪ ಭಾಗವನ್ನು ರುಬಿಡಿಯಂ ಆವಿ ತುಂಬಿದ ಗಾಜಿನ ಸೆಲ್‌ಗೆ ಕಳಿಸಿ. ಫ್ರೀಕ್ವೆನ್ಸಿ ಆಚೀಚೆ ಸರಿಸುತ್ತಾ ಹೊರಬಂದ ಬೆಳಕನ್ನು ಡಿಟೆಕ್ಟರ್‌ನಲ್ಲಿ ನೋಡಿದರೆ, ಡಾಪ್ಲರ್‌ನಿಂದ (ಪರಮಾಣುಗಳು ಓಡಾಡುವುದರಿಂದ) ಸುಮಾರು 500 ಮೆಗಾಹರ್ಟ್ಸ್ ಅಗಲದ ಗುಂಡಿ ಕಾಣುತ್ತದೆ. ಎದುರಿನಿಂದ ಅದೇ ಲೇಸರ್‌ನ ಜೋರಾದ ಪಂಪ್ ಕಿರಣ ಬಿಟ್ಟರೆ ಆ ಗುಂಡಿಯೊಳಗೆ ಚೂಪಾದ ಮೊನೆಗಳು ಏಳುತ್ತವೆ. ಎರಡು ನಿಜ ರೇಖೆಗಳ ಸರಿ ಮಧ್ಯೆ ಬರುವ ಕ್ರಾಸ್‌ಓವರ್ ಮೊನೆ ಸಾಮಾನ್ಯವಾಗಿ ಜಾಸ್ತಿ ಎತ್ತರ. ಶುರುವಿಗೆ ಅದನ್ನೇ ಹಿಡಿಯಿರಿ.

ಮೊನೆಯ ತುದಿಯಲ್ಲಿ ಒಂದು ತೊಡಕಿದೆ. ಲೇಸರ್ ಎಡಕ್ಕೆ ಜಾರಿದರೂ ಬಲಕ್ಕೆ ಜಾರಿದರೂ ಸಿಗ್ನಲ್ ಇಳಿಯೋದೇ, ಯಾವ ಕಡೆ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಅದಕ್ಕೇ ಡಯೋಡ್ ಕರೆಂಟನ್ನು ಹತ್ತಾರು ಕಿಲೋಹರ್ಟ್ಸ್‌ನಲ್ಲಿ ಚೂರೇ ಚೂರು ಅಲ್ಲಾಡಿಸಿ, ಡಿಟೆಕ್ಟರ್ ಸಿಗ್ನಲನ್ನು, ಆ ಅಲ್ಲಾಟದ ಫ್ರೀಕ್ವೆನ್ಸಿಯಲ್ಲಿ ಬರುವುದನ್ನಷ್ಟೇ ಹೆಕ್ಕುವ ಲಾಕ್‌-ಇನ್ ಆಂಪ್ಲಿಫೈಯರ್‌ಗೆ ಕೊಡಿ. ಹೊರಬರುವ ಎರರ್ ಸಿಗ್ನಲ್ ತುದಿಯಲ್ಲಿ ಸೊನ್ನೆ, ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಮೈನಸ್.

ಅದನ್ನು ಪಿಐ ಕಂಟ್ರೋಲರ್ (ಪಿ ಈಗಿನ ತಪ್ಪಿಗೆ ತಕ್ಕಂತೆ, ಐ ಕೂಡಿಬಂದ ತಪ್ಪಿಗೆ ತಕ್ಕಂತೆ ತಿದ್ದುತ್ತದೆ) ಮೂಲಕ ಪೀಜೋಗೂ (ವೋಲ್ಟೇಜ್ ಕೊಟ್ಟರೆ ಚೂರು ಉದ್ದ ಬದಲಿಸಿ ಲೇಸರ್ ಫ್ರೀಕ್ವೆನ್ಸಿ ಸರಿಸುವ ತುಂಡು) ಡಯೋಡ್ ಕರೆಂಟಿಗೂ ಕೊಡಿ. ನಿಧಾನದ ಜಾರಿಕೆ ಪೀಜೋ ಪಾಲಿಗೆ, ವೇಗದ್ದು ಕರೆಂಟ್ ಪಾಲಿಗೆ. ಪಿ ಗೇನ್ ಏರಿಸುತ್ತಾ ಹೋಗಿ, ಸ್ಕೋಪ್‌ನಲ್ಲಿ ಅಲೆ ಶುರುವಾದ ಕೂಡಲೇ ಅರ್ಧಕ್ಕೆ ಇಳಿಸಿ, ಮತ್ತೆ ಐ ಸೇರಿಸಿ. ಟೇಬಲನ್ನು ಮೆಲ್ಲಗೆ ತಟ್ಟಿ ನೋಡಿ. ಲಾಕ್ ಬಿಟ್ಟುಹೋದರೆ ಗೇನ್ ತಿರುಗಿಸುವ ಮೊದಲು ಕನ್ನಡಿಗಳ ಸ್ಕ್ರೂ ಬಿಗಿಯಾಗಿದೆಯಾ ಪರೀಕ್ಷಿಸಿ.