ಬೀದಿಬದಿಯ ಅನಾಥ ಗಾಡಿಗಳನ್ನು ತೆಗೆಸಿದ ನಮ್ಮ ಅನುಭವ

ಬೆಂಗಳೂರಿನ ನಮ್ಮ ಅಡ್ಡರಸ್ತೆಯಲ್ಲಿ ವರ್ಷಗಟ್ಟಲೆ ಕದಲದೆ ನಿಂತ ಗಾಡಿಗಳ ಬೆನ್ನು ಹತ್ತಿದ್ದು ಡೆಂಗಿಯ ಭಯಕ್ಕೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮಳೆಗಾಲ ಅದು. ಮನೆಯ ಡ್ರಮ್ಮು, ಹೂಕುಂಡದ ತಟ್ಟೆ ಎಲ್ಲ ಖಾಲಿ ಮಾಡಿದ್ದೆವು. ಹೊಂಗೆ ಮರದಡಿಯ ಹಳೇ ವ್ಯಾನಿನ ಒಡೆದ ಗಾಜಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ, ಸ್ಟೆಪ್ನಿ ಟೈರಿನಲ್ಲಿ ನಿಂತ ಕಂದು ನೀರು, ಅದರ ತುಂಬ ಮಿಸುಕಾಡುವ ಲಾರ್ವಾ! ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ, ಹತ್ತು ದಿನ ಸಾಕು.

ಬಾಯಿಮಾತಿನ ದೂರಿನಿಂದ ಏನೂ ಆಗದು. ಇಳಿದ ಟೈರು, ನಂಬರ್ ಪ್ಲೇಟು, ಪಕ್ಕದ ಅಂಗಡಿ ಬೋರ್ಡು ಮೂರೂ ಕಾಣುವಂತೆ ಫೋಟೊ ತೆಗೆದೆವು. ಕೆಲವು ವಾರ ಬಿಟ್ಟು ಅದೇ ಜಾಗದಿಂದ ಮತ್ತೊಮ್ಮೆ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಇನ್ಶೂರೆನ್ಸ್, ಎಫ್‌ಸಿ (ಗಾಡಿಯ ಅರ್ಹತಾ ಪತ್ರ) ಮುಗಿದ ದಿನ ಸಿಗುತ್ತದೆ. ಮೋಟಾರು ವಾಹನ ಕಾಯ್ದೆ 1988ರ 127ನೇ ಕಲಂ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಬಿಟ್ಟುಹೋದ ಗಾಡಿಯನ್ನು ಎಳೆಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಆದೇಶಿಸಬಹುದು; ಖರ್ಚು ಮಾಲೀಕರದ್ದು. ಈ ಕಲಂ ಬರೆದೇ ಸಂಚಾರ ಠಾಣೆಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ಪ್ಲೇಟೇ ಇಲ್ಲದ ಒಂದು ಬೈಕನ್ನು ನಾವು ಮುಟ್ಟಲಿಲ್ಲ. ಪೊಲೀಸರೇ ಹ್ಯಾಂಡಲ್ ಕೆಳಗಿನ ಚಾಸಿ ನಂಬರ್ ಉಜ್ಜಿ ನೋಡಿದರು. ಕಳವಾದ ಗಾಡಿ ಅದು.

ಆದರೆ ಎಳೆದ ಗಾಡಿ ನಿಲ್ಲಿಸಲು ಠಾಣೆಗೂ ಜಾಗ ಬೇಕಲ್ಲ? ಹಾಗಾಗಿ ಮಾಲೀಕರನ್ನು ಹುಡುಕುವುದೇ ಹತ್ತಿರದ ದಾರಿ ಅಂತ ನನ್ನ ಖಚಿತ ಅಭಿಪ್ರಾಯ. ಆ್ಯಪ್‌ನಲ್ಲಿ ಪೂರ್ತಿ ಹೆಸರು ಬರುವುದಿಲ್ಲ. ನಮಗೆ ದಾರಿ ತೋರಿಸಿದ್ದು ಇಸ್ತ್ರಿಯವರು. ಯಾರ ಗಾಡಿ ಯಾವುದು ಅಂತ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ವ್ಯಾನು ಹಿಂದಿನ ಬೀದಿಯ ಅಜ್ಜಿಯೊಬ್ಬರ ಯಜಮಾನರದ್ದು. "ಅವರಿದ್ದಾಗ ದಿನಾ ಒರೆಸೋರು ಕಣಪ್ಪಾ. ಗುಜರಿಗೆ ಹಾಕೋಕೆ ಮನಸ್ಸೂ ಬರಲ್ಲ, ಯಾರನ್ನ ಕೇಳ್ಬೇಕೋ ಗೊತ್ತಾಗಲ್ಲ" ಅಂದರು. ಅವರ ಮೇಲೆ ಸಿಟ್ಟಾಗುವುದು ಹೇಗೆ? ಜೊತೆಗೆ ಆರ್‌ಟಿಒಗೆ ಹೋದೆ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರ್ಮ್ 31 ಕೊಡಬೇಕು, ಮರಣ ಪ್ರಮಾಣಪತ್ರದ ಜೊತೆ. ಆಮೇಲೆ ಗಾಡಿಯನ್ನು ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟೆವು. ಗಾಡಿ ಒಪ್ಪಿಸಿದ್ದಕ್ಕೆ ಪುರಾವೆಯಾಗಿ ಅಲ್ಲಿ ಸಿಗುವ ಡೆಪಾಸಿಟ್ ಸರ್ಟಿಫಿಕೇಟನ್ನು ಜೋಪಾನವಾಗಿಡಿ. ಆರ್‌ಸಿ (ನೋಂದಣಿ ಪತ್ರ) ರದ್ದಾಗದೆ ಬೀದಿ ಗುಜರಿಗೆ ಹಾಕಿ, ನಾಳೆ ಆ ನಂಬರಿನ ಗಾಡಿ ಎಲ್ಲೋ ಅಪಘಾತ ಮಾಡಿದರೆ ಪೊಲೀಸರು ಬರುವುದು ಹಳೇ ವಿಳಾಸಕ್ಕೇ. ಹೊರಡುವ ಮುನ್ನ ಅಜ್ಜಿ ಡ್ಯಾಶ್‌ಬೋರ್ಡಿನ ಗಣಪತಿಯನ್ನು ಬಿಡಿಸಿಕೊಂಡು ಸೆರಗಿಗೆ ಕಟ್ಟಿಕೊಂಡರು.

ಗಾಡಿ ಹೋದ ಜಾಗವನ್ನು ಒಂದು ರಾತ್ರಿ ಸುಮ್ಮನೆ ಬಿಟ್ಟರೂ ಕಸದ ಚೀಲ ಬಂದು ಬೀಳುತ್ತವೆ. ಪೌರಕಾರ್ಮಿಕರಿಗೆ ಮೊದಲೇ ಹೇಳಿದ್ದರಿಂದ ಅಂದೇ ಎಲೆ, ಗಾಜಿನ ಚೂರು ಗುಡಿಸಿ ನೀರು ಹಾಕಿದರು; ನಮ್ಮ ಬೀದಿಯ ಹೆಂಗಸರು ರಂಗೋಲಿ ಬಿಟ್ಟರು. ರಂಗೋಲಿಯ ಮೇಲೆ ಕಸ ಎಸೆಯಲು ಜನ ನಿಜಕ್ಕೂ ಹಿಂಜರಿಯುತ್ತಾರೆ.

ತಿರುವಿನಲ್ಲಿ ಇನ್ನೊಂದು ಆಟೊ ಉಳಿದಿದೆ. ಅದರ ಮೇಲೆ ಸಾಲವಿದೆ, ಫೈನಾನ್ಸ್‌ನವರ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಇಲ್ಲದೆ ಆರ್‌ಸಿ ರದ್ದಾಗುವುದಿಲ್ಲ. ಅವರಿಗೂ ಠಾಣೆಗೂ ಪತ್ರ ಕೊಟ್ಟಿದ್ದೇವೆ. ಅಲ್ಲಿಯವರೆಗೆ ಪ್ರತಿ ಭಾನುವಾರ ಅದರ ಟಾರ್ಪಾಲಿನ ಮೇಲೆ ನಿಂತ ನೀರು ಚೆಲ್ಲುವ ಕೆಲಸ ನನ್ನದು.