ಸ್ಕ್ಯೊಪೆತ್ತೀನೊ: ಖಾರವಿಲ್ಲದ ಕಾಳುಮೆಣಸು

ಇಟಲಿಯ ಕೆಂಪು ವೈನ್ ಅಂದರೆ ಊರಿನ ಗೆಳೆಯರಿಗೆ ಕಿಯಾಂತಿ ಗೊತ್ತು, ಸ್ವಲ್ಪ ತಿಳಿದವರಿಗೆ ಬರೋಲೊ ಗೊತ್ತು. ಟ್ರಿಯೆಸ್ಟೆಗೆ ಬಂದು ನೆಲೆಸಿದ ಮೇಲೆ ನಾನು ತಲೆಕೆಡಿಸಿಕೊಂಡದ್ದು ಮಾತ್ರ ಸ್ಕ್ಯೊಪೆತ್ತೀನೊ ಎಂಬ ದ್ರಾಕ್ಷಿಯ ಬಗ್ಗೆ. ಇಟಲಿಯಲ್ಲೇ ರೋಮ್‌ನಿಂದಾಚೆ ಈ ಹೆಸರು ಹೇಳಿದರೆ ಹುಬ್ಬೇರಿಸುತ್ತಾರೆ. ನನ್ನನ್ನು ಹಿಡಿದದ್ದು ಅದರ ವಾಸನೆ. ಲೋಟವನ್ನು ಮೂಗಿನ ಹತ್ತಿರ ತಂದರೆ ಆಗತಾನೇ ಕುಟ್ಟಿದ ಕಾಳುಮೆಣಸು. ಸೋಮವಾರಪೇಟೆಯ ಕಡೆ ಕಾಫಿ ತೋಟದಲ್ಲಿ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಗಳ ನಡುವೆ ಬೆಳೆದವಳಿಗೆ ಆ ವಾಸನೆಯನ್ನು ಯಾರೂ ಪರಿಚಯಿಸಬೇಕಿಲ್ಲ. ಆದರೆ ಅದು ದ್ರಾಕ್ಷಿ ರಸದೊಳಗೆ ಹೇಗೆ ಬಂತು, ಎಷ್ಟು ಹೊತ್ತು ಇರುತ್ತದೆ, ಎಲ್ಲ ಬಾಟಲಿಯಲ್ಲೂ ಯಾಕಿಲ್ಲ ಎನ್ನುವುದನ್ನು ತಿಳಿಯಲು ಒಂದಿಷ್ಟು ವರ್ಷ ಮೂಸಬೇಕಾಯಿತು.

ಮೊದಲು ಊರಿನ ವಿಷಯ. ಇಟಲಿಯ ಈಶಾನ್ಯ ಮೂಲೆಯ ಫ್ರಿಯುಲಿಯಲ್ಲಿ, ಚಿವಿದಾಲೆ ಪಟ್ಟಣದ ಹತ್ತಿರ, ಪ್ರೆಪೊತ್ತೊ ಎಂಬ ಹಳ್ಳಿಯಿದೆ. ಪಕ್ಕದಲ್ಲೇ ಯುದ್ರಿಯೊ ಹೊಳೆ, ಅದರಾಚೆ ಸ್ಲೊವೇನಿಯ. ಮೊದಲ ಮಹಾಯುದ್ಧಕ್ಕೆ ಮುಂಚೆ ಈ ಸಣ್ಣ ಹೊಳೆಯೇ ಇಟಲಿಗೂ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯಕ್ಕೂ ಗಡಿಯಾಗಿತ್ತು. ಗುಡ್ಡಗಳ ಮಣ್ಣನ್ನು ಇಲ್ಲಿಯವರು ಪೊಂಕಾ ಅನ್ನುತ್ತಾರೆ. ಸುಣ್ಣದಂಶದ ಜೇಡಿ ಮತ್ತು ಮರಳುಗಲ್ಲು ಪದರ ಪದರವಾಗಿ ಕೂತಿರುತ್ತದೆ, ಮಳೆಬಿಸಿಲಿಗೆ ಬಿದ್ದರೆ ಪುಡಿಯಾಗುತ್ತದೆ. ಹಗಲು ಬಿಸಿಲು ಚೆನ್ನಾಗಿದ್ದರೂ ಕಣಿವೆಯಲ್ಲಿ ರಾತ್ರಿ ತಂಪು ಇಳಿಯುತ್ತದೆ. ಈ ತಂಪಿನ ಮಾತು ನೆನಪಿನಲ್ಲಿರಲಿ, ಮೆಣಸಿನ ಗುಟ್ಟು ಅಲ್ಲಿದೆ.

ಹಳೆಯ ತಳಿ ಇದು. ಹದಿಮೂರನೇ ಶತಮಾನದ ಒಂದು ಮದುವೆಯಲ್ಲಿ ಈ ವೈನ್ ಬಡಿಸಿದ್ದರೆಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಫಿಲೊಕ್ಸೆರಾ ಎಂಬ ಬೇರು ತಿನ್ನುವ ಕೀಟ ಯುರೋಪಿನ ದ್ರಾಕ್ಷಿ ತೋಟಗಳನ್ನೆಲ್ಲ ಹಾಳುಮಾಡಿತಲ್ಲ, ಆಮೇಲೆ ಇಲ್ಲಿಯ ರೈತರು ಮೆರ್ಲೊ, ಕ್ಯಾಬರ್ನೆ ಥರದ ಫ್ರೆಂಚ್ ತಳಿಗಳನ್ನೇ ಹೆಚ್ಚಾಗಿ ನೆಟ್ಟರು. ಸ್ಕ್ಯೊಪೆತ್ತೀನೊ ಹಿಂದೆ ಬಿತ್ತು. ಅದರ ಸ್ವಭಾವವೂ ರೈತಸ್ನೇಹಿಯಲ್ಲ: ಹೂವು ಕಚ್ಚದೆ ಉದುರುವುದು ಹೆಚ್ಚು, ಹಣ್ಣಾಗುವುದು ತಡ. ಕಡೆಗೆ ಸರ್ಕಾರದ ಅನುಮತಿ ಪಡೆದ ತಳಿಗಳ ಪಟ್ಟಿಯಲ್ಲೂ ಅದಕ್ಕೆ ಜಾಗವಿಲ್ಲದೆ, ಹೊಸದಾಗಿ ನೆಡುವುದೇ ಕಾನೂನುಬಾಹಿರ ಅನ್ನುವ ಸ್ಥಿತಿ ಬಂತು.

1970ರಲ್ಲಿ ಪಾವ್ಲೊ ಮತ್ತು ದೀನಾ ರಪುಟ್ಸಿ ದಂಪತಿ ಪ್ರೆಪೊತ್ತೊದ ಚಾಲ್ಲಾ ಕಣಿವೆಯಲ್ಲಿ ಜಮೀನು ಹಿಡಿದು, ಅಲ್ಲಿ ಇಲ್ಲಿ ಉಳಿದಿದ್ದ ಬಳ್ಳಿಗಳನ್ನು ಹುಡುಕಿ, ಕಡ್ಡಿ ತಂದು ಕಸಿ ಮಾಡಿ ಬೆಳೆಸಿದರು. ಅವರಿಗೆ ಸಿಕ್ಕಿದ್ದು ನೂರಕ್ಕಿಂತ ಕಡಿಮೆ ಬಳ್ಳಿ. ದ್ರಾಕ್ಷಿ ಹಿಪ್ಪೆಯಿಂದ ಭಟ್ಟಿ ಇಳಿಸುವ ಗ್ರಾಪ್ಪಾ ಎಂಬ ಮದ್ಯ ತಯಾರಿಸುವ ನೊನಿನೊ ಮನೆತನ ಅಳಿವಿನಂಚಿನ ಫ್ರಿಯುಲಿ ತಳಿಗಳಿಗಾಗಿ 1975ರಲ್ಲಿ ಒಂದು ಪ್ರಶಸ್ತಿ ಸ್ಥಾಪಿಸಿತು. 1976ರಲ್ಲಿ ಮೊದಲ ಸಲ ಅದು ರಪುಟ್ಸಿಯವರಿಗೇ ಸಂದಿತು. ಸುದ್ದಿಯಾಯಿತು, ಒತ್ತಡ ಬಂತು, 1978ರಲ್ಲಿ ತಳಿಗೆ ಅನುಮತಿ ಸಿಕ್ಕಿತು. ಈಗ ಪ್ರೆಪೊತ್ತೊ, ಚಾಲ್ಲಾ ಎರಡೂ ಹೆಸರುಗಳು ಅಧಿಕೃತವಾಗಿ ಲೇಬಲ್ ಮೇಲೆ ಬರುತ್ತವೆ. ಒಂದು ಬೆಳೆಯನ್ನು ಪ್ರಶಸ್ತಿ ಕೊಟ್ಟು ಉಳಿಸಿದ ಉದಾಹರಣೆ ನನಗೆ ಬೇರೆ ಹೆಚ್ಚು ಗೊತ್ತಿಲ್ಲ. ನಮ್ಮ ಕಡೆಯ ಹಳೇ ಮೆಣಸಿನ ತಳಿಗಳಿಗೂ, ಕೊಡಗಿನ ಕಿತ್ತಳೆಗೂ ಯಾರಾದರೂ ಹೀಗೆ ಹಟ ಹಿಡಿಯಬಾರದೇ ಅನ್ನಿಸುತ್ತದೆ.

ಇನ್ನು ಮೆಣಸು. ಕಾಳುಮೆಣಸಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ನಾಲಿಗೆ ಚುರುಗುಟ್ಟಿಸುವುದು ಪೈಪರೀನ್, ಅದಕ್ಕೆ ವಾಸನೆಯಿಲ್ಲ. ಮೂಗಿಗೆ ತಟ್ಟುವ ಆ ಒಣ, ಘಾಟಿನ ಘಮದಲ್ಲಿ ದೊಡ್ಡ ಪಾಲು ರೊಟಂಡೋನ್ ಎಂಬ ಅಣುವಿನದು. 2008ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಅಲ್ಲಿಯ ಶಿರಾಜ್ ವೈನ್‌ಗೆ ಮೆಣಸಿನ ವಾಸನೆ ಕೊಡುವುದು ಇದೇ ಎಂದು ಕಂಡುಹಿಡಿದರು. ಅದಕ್ಕೂ ಎಷ್ಟೋ ಮುಂಚೆ ರಸಾಯನಶಾಸ್ತ್ರಜ್ಞರಿಗೆ ಅದು ಸಿಕ್ಕಿದ್ದು ಕೊನ್ನಾರಿ ಗಡ್ಡೆಯಲ್ಲಿ! ನಮ್ಮ ಹೊಲಗಳಲ್ಲಿ ಎಷ್ಟು ಕಿತ್ತರೂ ಮತ್ತೆ ಹುಟ್ಟುವ ಆ ಕಳೆಯ ಶಾಸ್ತ್ರೀಯ ಹೆಸರಿನಿಂದಲೇ ಈ ಅಣುವಿಗೂ ಹೆಸರು ಬಂದದ್ದು. ಇಟಲಿಯ ಸಂಶೋಧಕರು ಆಮೇಲೆ ಸ್ಕ್ಯೊಪೆತ್ತೀನೊದಲ್ಲೂ, ವಾಯವ್ಯ ಇಟಲಿಯ ಪಿಯೆಮೊಂತೆಯ ವೆಸ್ಪೊಲಿನಾ ಎಂಬ ದ್ರಾಕ್ಷಿಯಲ್ಲೂ ಇದೇ ಅಣುವನ್ನು ಧಾರಾಳವಾಗಿ ಕಂಡರು.

ಎಷ್ಟು ಇದ್ದರೆ ಸಾಕು ಗೊತ್ತೇ? ಒಂದು ಲೀಟರ್ ಕೆಂಪು ವೈನ್‌ನಲ್ಲಿ 16 ನ್ಯಾನೊಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ 16 ಪಾಲು. ಅಷ್ಟಕ್ಕೇ ಮೂಗು ಎದ್ದು ಕೂರುತ್ತದೆ. ಆದರೆ ಎಲ್ಲರ ಮೂಗೂ ಅಲ್ಲ. ಆ ಆಸ್ಟ್ರೇಲಿಯದ ಪರೀಕ್ಷೆಯಲ್ಲೇ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಅದರ ಪ್ರಮಾಣ ಎಷ್ಟು ಏರಿಸಿದರೂ ಗೊತ್ತಾಗಲಿಲ್ಲ.

ಇದನ್ನು ಓದಿದ ಮೇಲೆ ನಮ್ಮ ಮನೆಯ ಒಂದು ಹಳೇ ಜಗಳಕ್ಕೆ ಪರಿಹಾರ ಸಿಕ್ಕಿತು. ನಾನು "ಎಂಥಾ ಮೆಣಸು ನೋಡ್ರೀ" ಅಂದಾಗಲೆಲ್ಲ ನಮ್ಮ ಯಜಮಾನರು "ನಂಗೆ ಬರೀ ಹುಳಿ ದ್ರಾಕ್ಷಿ ಕಣೇ, ನೀನು ಪುಸ್ತಕ ಓದಿ ಹೇಳ್ತೀಯ" ಅನ್ನುತ್ತಿದ್ದರು. ಹಾಸನದವರಿಗೆ ಮೆಣಸಿನ ವಾಸನೆ ತಿಳಿಯದೇನು? ಒಂದು ದಿನ ಅಡುಗೆಮನೆಯಲ್ಲೇ ಪರೀಕ್ಷೆ ಇಟ್ಟೆ. ಮೂರು ಒಂದೇ ಥರದ ಲೋಟ, ಎರಡರಲ್ಲಿ ಸುತ್ತಮುತ್ತಲ ಮೆರ್ಲೊ, ಒಂದರಲ್ಲಿ ಸ್ಕ್ಯೊಪೆತ್ತೀನೊ. ಬಣ್ಣ ಕಾಣದಿರಲೆಂದು ಕಣ್ಣಿಗೆ ಬಟ್ಟೆ ಕಟ್ಟಿ, ಯಾವುದು ಬೇರೆ ಹೇಳಿ ಅಂದೆ. ಮೂಸಿ ಹೇಳಲು ಅವರಿಗೆ ಆಗಲೇ ಇಲ್ಲ. ಕುಡಿದ ಮೇಲೆ, ಹುಳಿ ಹೆಚ್ಚಿದೆ ಅನ್ನುವ ಗುರುತಿನಿಂದ ಹಿಡಿದರು. ಕುಟ್ಟಿದ ಮೆಣಸಿನ ಬಟ್ಟಲು ಕೊಟ್ಟರೆ ಅವರಿಗೆ ನಿಂಬೆ, ಮರದ ಪುಡಿಯಂಥ ಬೇರೆ ವಾಸನೆಗಳು ಬರುತ್ತವೆ, ಯಾಕೆಂದರೆ ಮೆಣಸಿನಲ್ಲಿ ಬೇರೆ ಸುಗಂಧ ತೈಲಗಳೂ ಇವೆ. ರೊಟಂಡೋನ್ ಮಾತ್ರ ಅವರ ಪಾಲಿಗೆ ಇಲ್ಲ ಅಂತ ಈಗ ನಾವಿಬ್ಬರೂ ಒಪ್ಪಿಕೊಂಡಿದ್ದೇವೆ. ಹಾಗಾಗಿ ಈ ವೈನ್ ಬಗ್ಗೆ ಯಾರೇ ಬರೆದ ಟಿಪ್ಪಣಿ ಓದಿದರೂ, ನನ್ನದೂ ಸೇರಿ, ಬರೆದವರ ಮೂಗು ಎಂಥದು ಅಂತ ಒಂದು ಪ್ರಶ್ನೆ ಇಟ್ಟುಕೊಂಡೇ ಓದಬೇಕು.

ನಾನು ರುಚಿ ನೋಡುವ ಕ್ರಮ ಹೀಗಿದೆ. ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು 16 ಡಿಗ್ರಿ ಹತ್ತಿರಕ್ಕೆ ತರುತ್ತೇನೆ. ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿರಬೇಕು ಅನ್ನುವ ಮಾತು ಯುರೋಪಿನ ಚಳಿಯ ಕಲ್ಲುಮನೆಗಳ ಕಾಲದ್ದು. ಟ್ರಿಯೆಸ್ಟೆಯ ಜುಲೈಗೂ ಹೊಂದುವುದಿಲ್ಲ, ನಮ್ಮ ಊರುಗಳಿಗಂತೂ ಇಲ್ಲವೇ ಇಲ್ಲ. ಬೆಚ್ಚಗಾದರೆ ಆಲ್ಕೊಹಾಲ್ ಮೊದಲು ಎದ್ದು ಮೂಗು ಸುಡುತ್ತದೆ, ಮೆಣಸು ಅದರಡಿ ಅಡಗುತ್ತದೆ. ಲೋಟ ದೊಡ್ಡದಿರಲಿ, ಮೂರನೇ ಒಂದು ಭಾಗದ ಮೇಲೆ ತುಂಬುವುದು ಬೇಡ. ಪಕ್ಕದ ಬಟ್ಟಲಲ್ಲಿ ಊರಿಂದ ತಂದ ನಾಲ್ಕು ಕಾಳು ಮೆಣಸನ್ನು ಒರಟಾಗಿ ಜಜ್ಜಿ ಇಡುತ್ತೇನೆ, ಆದರೆ ಮೊದಲು ವೈನ್ ಮೂಸಿ ಬರೆದುಕೊಂಡ ಮೇಲಷ್ಟೇ ಆ ಬಟ್ಟಲಿಗೆ ಕೈ ಹಾಕುವುದು. ತಿರುವುಮುರುವಾದರೆ ಮೂಗು ಮೆಣಸಿಗೆ ಒಗ್ಗಿ, ವೈನ್‌ನಲ್ಲಿ ಇದ್ದದ್ದೂ ಕಾಣದಾಗುತ್ತದೆ. ಮಧ್ಯೆ ಮಧ್ಯೆ ಎದ್ದು ಬಾಲ್ಕನಿಗೆ ಹೋಗಿ ಬರುತ್ತೇನೆ. ಅಗರಬತ್ತಿ, ಒಗ್ಗರಣೆ ಎರಡಕ್ಕೂ ಆ ಹೊತ್ತು ರಜೆ.

ಹೆಚ್ಚು ವಯಸ್ಸಾಗದ, ಓಕ್ ಪೀಪಾಯಿಯ ಹೊರೆಯಿಲ್ಲದ ಬಾಟಲಿಯಾದರೆ ಮೊದಲ ನಿಮಿಷವೇ ಮೆಣಸು. ನಂತರ ಬ್ಲ್ಯಾಕ್‌ಬೆರಿ, ಹುಳಿ ಚೆರಿ, ನೇರಳೆ ಹಣ್ಣಿನ ಸಿಪ್ಪೆ, ಒಂದೆಳೆ ನೇರಳೆಬಣ್ಣದ ವಯೊಲೆಟ್ ಹೂವು. ಬಾಯಿಗೆ ಹಾಕಿದರೆ ವಾಸನೆ ಕೊಟ್ಟ ಭರವಸೆಯೇ ಬೇರೆ, ನಾಲಿಗೆ ಕಾಣುವುದೇ ಬೇರೆ: ಖಾರ ಒಂದಿಷ್ಟೂ ಇಲ್ಲ. ಬಣ್ಣ ಗಾಢವಿದ್ದರೂ ಮೈ ತೆಳು, ಹುಳಿ ಚುರುಕು, ಒಗರು ಹಿತಮಿತ. ಕಾಫಿ ತೋಟದಲ್ಲಿ ಮೊದಲ ಮಳೆ ಬಿದ್ದಾಗಿನ ಗಾಳಿಯಂತೆ ಅದು ತಂಪಾಗಿ ಒಳಗೆ ಹೋಗುತ್ತದೆ. ನುಂಗಿದ ಮೇಲೆ ಮೆಣಸು ಗಂಟಲ ಹಿಂದಿನಿಂದ ಮತ್ತೆ ಮೂಗಿಗೆ ಏರುತ್ತದೆ. ನನಗೆ ಈ ಎರಡನೇ ಬರವೇ ಹೆಚ್ಚು ಇಷ್ಟ. ಕೊಡಗಿನ ಮನೆಗಳಲ್ಲಿ ಮಾಡುವ ಸಿಹಿ ವೈನ್ ಕುಡಿದು ಬೆಳೆದ ನಾಲಿಗೆಗೆ ಇದು ಮೊದಲಿಗೆ ಬರೀ ಹುಳಿ ಅನ್ನಿಸಬಹುದು. ಊಟದ ಜತೆ ಕುಡಿಯಿರಿ, ಆಮೇಲೆ ಮಾತಾಡೋಣ.

ಒಂದು ಗಂಟೆ ಕಳೆದರೆ ಹಣ್ಣು ಮುಂದೆ ಬಂದು ಮೆಣಸು ಅದರ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟ ಅರ್ಧ ಬಾಟಲಿಯಲ್ಲಿ ಮರುದಿನವೂ ಮೆಣಸು ಗಟ್ಟಿಯಾಗಿಯೇ ಉಳಿದಿರುತ್ತದೆ, ಹೂವು ಮಾತ್ರ ಹೋಗಿರುತ್ತದೆ.

ಎಲ್ಲ ಬಾಟಲಿಯಲ್ಲೂ ಯಾಕಿಲ್ಲ ಎಂಬ ಪ್ರಶ್ನೆಗೆ ನನಗೆ ಉತ್ತರ ಕೊಟ್ಟದ್ದು ಒಬ್ಬರೇ ಬೆಳೆಗಾರರ 2014 ಮತ್ತು 2015ರ ಬಾಟಲಿಗಳು. 2014ರಲ್ಲಿ ಉತ್ತರ ಇಟಲಿಯಲ್ಲಿ ಬೇಸಿಗೆಯೇ ಬರಲಿಲ್ಲ ಅನ್ನುವಂತೆ ಮಳೆ ಹುಯ್ಯಿತು. ಮರುವರ್ಷ ಜುಲೈ ಬೆಂದುಹೋಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಕುಡಿದಾಗ, ಮಾರುಕಟ್ಟೆ ಕೆಟ್ಟ ವರ್ಷ ಎಂದು ಕರೆದ 2014ರದ್ದು ತೆಳ್ಳಗೆ, ಹುಳಿಹುಳಿಯಾಗಿ, ಮೆಣಸಿನಿಂದ ತುಂಬಿತ್ತು. 2015ರದ್ದು ದುಂಡಗೆ, ಮಾಗಿದ ಹಣ್ಣಿನ ರುಚಿಯಿಂದ, ಯಾರಿಗೆ ಕೊಟ್ಟರೂ ಚೆನ್ನಾಗಿದೆ ಅನ್ನುವಂಥದ್ದು. ಮೆಣಸು ಹುಡುಕಿದರೆ ಸಿಗುವಷ್ಟು. ನಾನು ಮತ್ತೆ ಕೊಂಡದ್ದು 2014ನ್ನೇ. ಕಾರಣ ವಿಚಿತ್ರವೇನಲ್ಲ: ರೊಟಂಡೋನ್ ಸಿಪ್ಪೆಯಲ್ಲಿ, ಹಣ್ಣು ಮಾಗುವ ಕೊನೆಯ ವಾರಗಳಲ್ಲಿ ಕೂಡುತ್ತದೆ, ತಂಪು, ತೇವ, ನೆರಳು ಇದ್ದರೆ ಹೆಚ್ಚು, ಗೊಂಚಲಿಗೆ ಬಿಸಿಲು ನೇರ ಹೊಡೆದರೆ ಕಡಿಮೆ. ಪ್ರೆಪೊತ್ತೊದಲ್ಲಿ ಒಬ್ಬ ಅಜ್ಜಿ, ಮಧ್ಯಾಹ್ನದ ಬಿಸಿಲ ಕಡೆಯ ಎಲೆಗಳನ್ನು ತಾನು ಮುಟ್ಟುವುದಿಲ್ಲ, ಬೆಳಗಿನ ಕಡೆಯದಷ್ಟೇ ಕೀಳುತ್ತೇನೆ ಎಂದಾಗ ಪ್ರಯೋಗಾಲಯದ ಮಾತೂ ತೋಟದ ಮಾತೂ ಒಂದಾಯಿತು. ಸಿಪ್ಪೆಯಲ್ಲಿದ್ದದ್ದೆಲ್ಲ ವೈನ್‌ಗೆ ಇಳಿಯುವುದೂ ಇಲ್ಲ. ವೆಸ್ಪೊಲಿನಾದ ಮೇಲಿನ ಅಧ್ಯಯನದಲ್ಲಿ ಹುದುಗುವಾಗ ಹತ್ತರಲ್ಲಿ ಒಂದು ಪಾಲಷ್ಟೇ ಇಳಿದಿತ್ತು.

ಓಕ್ ಬಗ್ಗೆ ನನ್ನ ತಕರಾರು ಒಂದಿದೆ. ಹೊಸ ಸಣ್ಣ ಪೀಪಾಯಿಯಲ್ಲಿ ತುಂಬ ದಿನ ಇಟ್ಟ ಸ್ಕ್ಯೊಪೆತ್ತೀನೊ ದುಬಾರಿಯಾಗುತ್ತದೆ, ವೆನಿಲಾ ವಾಸನೆ ಬರುತ್ತದೆ, ಮೆಣಸು ಅದರ ಹಿಂದೆ ಹೋಗುತ್ತದೆ. ವೆನಿಲಾ ಬೇಕಿದ್ದರೆ ಜಗತ್ತಿನ ಬೇರೆ ನೂರು ವೈನ್ ಇವೆಯಲ್ಲ. ಹಳೇ ಪೀಪಾಯಿ ಬೇರೆ ಮಾತು. ಹತ್ತು ವರ್ಷ ದಾಟಿದ ಅಂಥ ಬಾಟಲಿಯಲ್ಲಿ ಹಣ್ಣು ಒಣಗಿ, ಚರ್ಮ, ತರಗೆಲೆ, ಒದ್ದೆ ಮಣ್ಣಿನ ವಾಸನೆ ಬಂದು, ಮೆಣಸು ಇನ್ನೂ ಸ್ಪಷ್ಟವಾಗಿರುವುದನ್ನು ಕಂಡಿದ್ದೇನೆ.

ಫ್ರಿಯುಲಿಯವರು ಇದನ್ನು ಕುಡಿಯುವುದು ಆಡಂಬರವಿಲ್ಲದೆ. ಸಂಜೆ ಬಾರಿನಲ್ಲಿ ಒಂದು ತಾಯುತ್, ಅಂದರೆ ಸಣ್ಣ ಲೋಟ, ಜತೆಗೆ ಸಾನ್ ದನಿಯೆಲೆಯ ಹ್ಯಾಮ್. ಮನೆಯಲ್ಲಾದರೆ ಫ್ರೀಕೊ: ಮೊಂತಾಜಿಯೊ ಚೀಸ್ ಮತ್ತು ಆಲೂಗಡ್ಡೆಯನ್ನು ಬಾಣಲೆಯಲ್ಲಿ ಗರಿಗರಿಯಾಗಿ ಹುರಿದ ದಪ್ಪ ರೊಟ್ಟಿ. ಚಳಿಗಾಲದಲ್ಲಿ ಹಂದಿಯ ಮೂತಿ ಮಾಂಸದ ಸಾಸೇಜು ಮುಸೆತ್ತೊ, ಅದರ ಜತೆ ದ್ರಾಕ್ಷಿ ಹಿಪ್ಪೆಯಲ್ಲಿ ಹುಳಿ ಬರಿಸಿದ ಟರ್ನಿಪ್ ಗಡ್ಡೆ. ಈ ಕೊಬ್ಬು ಮತ್ತು ಹುಳಿಯ ಜೋಡಿ ನೋಡಿದಾಗ ಕೊಡಗಿನವರಿಗೆ ತಟ್ಟನೆ ಹೊಳೆಯುವುದು ಪಂದಿ ಕರಿಯೇ ತಾನೆ?

ಮಾಡಿ ನೋಡಿದೆ. ಮೆಣಸು, ಜೀರಿಗೆ, ಕೊತ್ತಂಬರಿ ಕಪ್ಪಾಗುವವರೆಗೆ ಹುರಿದ ಪುಡಿಗೂ ವೈನ್‌ನ ಮೆಣಸಿಗೂ ಚೆನ್ನಾಗಿ ಕೂಡಿತು, ಹಂದಿಯ ಕೊಬ್ಬನ್ನು ವೈನ್‌ನ ಹುಳಿ ಕತ್ತರಿಸಿತು. ಎಡವಟ್ಟು ತರುವುದು ಹಸಿಮೆಣಸಿನಕಾಯಿ. ಅದರ ಖಾರ ಬಾಯಲ್ಲಿದ್ದರೆ ಒಗರು ಕಹಿಯಾಗುತ್ತದೆ, ಆಲ್ಕೊಹಾಲ್ ಉರಿಯುತ್ತದೆ. ಹಾಗಾಗಿ ಖಾರವನ್ನೆಲ್ಲ ಕಾಳುಮೆಣಸಿಗೇ ಬಿಟ್ಟು ಮೆಣಸಿನಕಾಯಿ ಒಂದಕ್ಕೆ ನಿಲ್ಲಿಸುತ್ತೇನೆ. ಕೊಡಗಿನ ಕಪ್ಪು ಹುಳಿ ಕಾಚಂಪುಳಿಯನ್ನು ಊರಿನ ಅಳತೆಯ ಅರ್ಧಕ್ಕಿಳಿಸಿ, ಉಳಿದ ಹುಳಿಯ ಕೆಲಸವನ್ನು ಲೋಟಕ್ಕೆ ಬಿಡಿ. ಜತೆಗೆ ಅಕ್ಕಿ ತರಿಯ ಉಂಡೆ ಕಡಂಬುಟ್ಟು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಇಲ್ಲಿಯ ಮೆಕ್ಕೆಜೋಳದ ಮುದ್ದೆ ಪೊಲೆಂತಾ ಆದೀತು. ಬೆಂಗಳೂರಿನಲ್ಲಿರುವವರಿಗೆ ಈ ಬಾಟಲಿ ಸಿಗುವುದು ಕಷ್ಟ; ತಂಪು ಪ್ರದೇಶದ ಸಿರಾ (ಶಿರಾಜ್‌ನ ಇನ್ನೊಂದು ಹೆಸರು), ಫ್ರಾನ್ಸಿನ ಉತ್ತರ ರೋನ್ ಕಡೆಯದು ಸಿಕ್ಕರೆ ಅದೇ ಅಣುವನ್ನು ಅದರಲ್ಲೂ ಮೂಸಬಹುದು. ಇಬ್ಬರಿಗಿಂತ ಹೆಚ್ಚು ಜನ ಸೇರಿ ಮೂಸಿ. ಯಾರಿಗಾದರೂ ಮೆಣಸು ಬಾರದಿದ್ದರೆ ಅವರ ಲೋಟವನ್ನು ಬೇರೆಯವರು ಹಂಚಿಕೊಳ್ಳಬಹುದು, ನಮ್ಮ ಮನೆಯಲ್ಲಿ ಈಗ ಅದೇ ಪದ್ಧತಿ.