ಬಚ್ಚಲ ಪಕ್ಕದ ಗೋಡೆ: ಕೆಳಗಿನ ಅರ್ಧ ಅಡಿಯ ಕೆಲಸ

ನಮ್ಮದು ಸಾಗರದ ಕಡೆಯ ಹಳೇ ಮನೆ. ಬಚ್ಚಲಿಗೂ ಉಗ್ರಾಣಕ್ಕೂ ನಡುವೆ ಒಂದೇ ಗೋಡೆ, ಜಂಬಿಟ್ಟಿಗೆಯದ್ದು, ಮಣ್ಣಿನ ಗಾರೆ. ಬಚ್ಚಲ ನೆಲ ದಿನವಿಡೀ ಒದ್ದೆ. ಉಗ್ರಾಣದ ಕಡೆ ಮೊಣಕಾಲೆತ್ತರಕ್ಕೆ ಬಣ್ಣ ಸಿಪ್ಪೆ ಏಳುತ್ತಿತ್ತು, ಉಗುರಲ್ಲಿ ಕೆರೆದರೆ ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ಇದಕ್ಕೆ ಡ್ಯಾಂಪ್‌ಪ್ರೂಫ್ ಪೇಂಟ್ ಹೊಡೆಯುವುದು ಸುಮ್ನೆ ದಂಡ. ನೀರು ಬುಡದಿಂದ ಬರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಗೋಡೆ ಅದನ್ನು ಮೇಲಕ್ಕೆಳೆಯುತ್ತದೆ. ಬಣ್ಣ ಬಳಿದು ಮುಚ್ಚಿದರೆ ಇನ್ನೂ ಮೇಲೆ ಹತ್ತಿ ಅಲ್ಲಿ ಹೊರಬೀಳುತ್ತದೆ, ಅಷ್ಟೇ.

ಆ ಗೋಡೆ ಮೇಲೆ ಮಾಡಿನ ಭಾರ ಇರಲಿಲ್ಲ, ಹಾಗಾಗಿ ಕೆಡವಿಸಿದೆ. ಭಾರ ಹೊತ್ತ ಗೋಡೆಯಾದರೆ ಎಂಜಿನಿಯರ್ ನೋಡದೆ ಮುಟ್ಟಬೇಡಿ.

ಹೊಸದಕ್ಕೆ 4 ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕ್ ತಂದೆ. ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಎಎಸಿ ಬ್ಲಾಕ್ ನೀರು ಜಾಸ್ತಿ ಕುಡಿಯುತ್ತದೆ, ಬುಡಕ್ಕೆ ಬೇಡ. ಜಿಪ್ಸಂ ಬೋರ್ಡಿನ ಮಾತೇ ಬೇಡ. ಅದರ ಹಸಿರು ಬೋರ್ಡೂ ಗಾಳಿಯ ತೇವ ತಡೆಯಬಹುದು, ನಿಂತ ನೀರನ್ನಲ್ಲ.

ನಿಜವಾದ ಕೆಲಸ ಇರುವುದು ಬ್ಲಾಕ್ ಕೂರಿಸುವ ಮೊದಲೇ. ನೆಲವನ್ನು ಉಳಿಯಿಂದ ಕಚ್ಚು ಮಾಡಿ, ಗೋಡೆಯ ಉದ್ದಕ್ಕೂ 6 ಇಂಚು ಎತ್ತರದ ಕಾಂಕ್ರೀಟ್ ದಿಂಡು ಹಾಕಿಸಿದೆ. ಸಿಮೆಂಟ್, ಮರಳು, ಜಲ್ಲಿ 1:1.5:3, ಜೊತೆಗೆ ವಾಟರ್‌ಪ್ರೂಫಿಂಗ್ ಕಾಂಪೌಂಡ್. ಒಂದು ವಾರ ನೀರು ಕುಡಿಸಿ, ಒಣಗಿದ ಮೇಲೆ ದಿಂಡಿನ ನೆತ್ತಿಗೆ ನೀರು ತಡೆಯುವ ಪಾಲಿಮರ್ ಸಿಮೆಂಟ್ ಕೋಟಿಂಗ್ ಎರಡು ಸಲ, ಒಂದಕ್ಕೊಂದು ಅಡ್ಡಡ್ಡ. ನೆಲದ ತೇವ ಅಲ್ಲಿಗೇ ನಿಲ್ಲಬೇಕು. ಬ್ಲಾಕ್ ಶುರುವಾಗುವುದು ಅದರ ಮೇಲೆ.

ಬಚ್ಚಲ ಕಡೆ ನೆಲ, ಗೋಡೆ ಸೇರುವ ಮೂಲೆಯನ್ನು 1:3 ಸಿಮೆಂಟ್-ಮರಳು ಗಾರೆಯಲ್ಲಿ ಗುಂಡಗೆ ಮಾಡಿಸಿ, ಫೈಬರ್ ಜಾಲರಿ ಒತ್ತಿ, ಅದೇ ಕೋಟಿಂಗನ್ನು ನೆಲದಿಂದ ಗೋಡೆಗೆ ಎಲ್ಲೂ ಕಡಿಯದೆ ಹತ್ತಿಸಿದೆವು. ಸ್ನಾನದ ಜಾಗದಲ್ಲಿ 6 ಅಡಿ, ಉಳಿದೆಡೆ 1 ಅಡಿ. ಟೈಲ್ಸ್ ನೀರು ತಡೆಯುತ್ತದೆ ಅನ್ನೋರು ಬಹಳ ಜನ. ಸಂದಿನಲ್ಲಿ ನೀರು ಇಳಿದೇ ಇಳಿಯುತ್ತದೆ, ತಡೆಯುವುದು ಅದರ ಹಿಂದಿನ ಪದರ. ಟೈಲ್ಸ್‌ಗೆ ಮೊದಲು ನೀರು ಹೋಗುವ ಕಿಂಡಿಗೆ ಬಟ್ಟೆ ತುರುಕಿ 48 ಗಂಟೆ ನೀರು ನಿಲ್ಲಿಸಿ ನೋಡಿದೆವು. ನೆಲದ ಇಳಿಜಾರು 8 ಅಡಿಗೆ 1 ಇಂಚು.

ಉಗ್ರಾಣದ ಕಡೆ ಮೇಸ್ತ್ರಿಗೂ ನನಗೂ ಸಣ್ಣ ಜಟಾಪಟಿ. ಅವರಿಗೆ ಪ್ಲಾಸ್ಟರನ್ನು ನೆಲದವರೆಗೆ ಎಳೆದೇ ಅಭ್ಯಾಸ. ಹಾಗೆ ಎಳೆದರೆ ನೀರು ಪ್ಲಾಸ್ಟರ್ ಹಿಡಿದೇ ದಿಂಡು ದಾಟುತ್ತದೆ, ಕೋಟಿಂಗ್ ಹಾಕಿದ್ದೂ ವ್ಯರ್ಥ ಅಲ್ವಾ? ಕೊನೆಗೆ ದಿಂಡಿನ ನೆತ್ತಿಯ ಮಟ್ಟದಲ್ಲಿ ಕರಣೆಯ ಅಂಚಿನಿಂದ ಅರ್ಧ ಇಂಚು ಗೀರು ಬಿಟ್ಟು ನಿಲ್ಲಿಸಿದರು. ಕೆಳಗಿನ ದಿಂಡಿಗೆ ಬೇರೆಯೇ ಗ್ರಾನೈಟ್ ಪಟ್ಟಿ. ನಲ್ಲಿ ಪೈಪು ಯಾವುದೂ ದಿಂಡು ತೂರಿ ಹೋಗದಂತೆ ಮೇಲಿಂದಲೇ ತಂದೆ.

ಬಾಗಿಲ ಜಾಗದಲ್ಲಿ ದಿಂಡು ಕಡಿಯಲೇಬೇಕು. ಮರದ ಚೌಕಟ್ಟಿನ ಕಾಲು ಅಲ್ಲೇ ಕೊಳೆಯುವುದು, ಅದಕ್ಕೆ ಗ್ರಾನೈಟ್ ಚೌಕಟ್ಟು ಹಾಕಿಸಿದೆ. ಹೊಸಿಲು ಎತ್ತರಿಸಿದರೆ ವಯಸ್ಸಾದವರು ಎಡವುತ್ತಾರೆ. ಹಾಗಾಗಿ ಬಚ್ಚಲ ನೆಲವನ್ನೇ ಒಂದೂವರೆ ಇಂಚು ತಗ್ಗಿಸಿದೆ, ಕೋಟಿಂಗ್ ಹೊಸಿಲ ಅಡಿಯಲ್ಲೂ ಹಾದುಹೋಗಿದೆ.